ಸೊಪ್ಪಿನ ಪಲ್ಯ ಬೆಂದ ಮೇಲೆ ಕಂದು ಬಣ್ಣಕ್ಕೆ ತಿರುಗೋದು ಯಾಕೆ?

ಮುಚ್ಚಳ ಮುಚ್ಚಿ ಜಾಸ್ತಿ ಹೊತ್ತು ಬೇಯಿಸಿದ್ದರಿಂದ, ಇಲ್ಲವೇ ಹುಣಸೆಹುಳಿ ಮೊದಲೇ ಹಾಕಿದ್ದರಿಂದ. ಎರಡರಲ್ಲೂ ಹಸಿರನ್ನು ಕೆಡಿಸೋದು ಹುಳಿಯೇ.

ಎಲೆಯ ಹಸಿರು ಕ್ಲೋರೋಫಿಲ್ ಅನ್ನೋ ವಸ್ತುವಿನದು. ಅದರ ನಟ್ಟನಡುವೆ ಮೆಗ್ನೀಸಿಯಂನ ಒಂದು ಪರಮಾಣು ಕೂತಿರುತ್ತದೆ. ಬಿಸಿಯ ಜೊತೆ ಹುಳಿ ಸೇರಿದರೆ ಅದು ಕಳಚಿಕೊಂಡು, ಆ ಜಾಗಕ್ಕೆ ಹೈಡ್ರೋಜನ್ ಬರುತ್ತದೆ. ಆಗ ಬಣ್ಣ ಮಾಸಲು ಕಂದಾಗುತ್ತದೆ. ನೀವು ಹುಳಿ ಹಾಕದಿದ್ದರೂ ಸೊಪ್ಪಿನೊಳಗೇ ಸ್ವಲ್ಪ ಇರುತ್ತದೆ, ಬೇಯುವಾಗ ಹೊರಬರುತ್ತದೆ. ಮುಚ್ಚಳ ತೆರೆದಿದ್ದರೆ ಅದರಲ್ಲಿ ಒಂದಷ್ಟು ಹಬೆಯ ಜೊತೆ ಹೋಗಿಬಿಡುತ್ತದೆ.

ಚಳಿಗಾಲದ ಎಳೆ ಮೆಂತ್ಯ, ಸಬ್ಬಸಿಗೆ ಸೊಪ್ಪಿಗೆ ತೆರೆದ ಬಾಣಲೆಯಲ್ಲಿ ನಾಲ್ಕೈದು ನಿಮಿಷ ಸಾಕು. ಒಗ್ಗರಣೆಗೆ ಬಿದ್ದ ಸೊಪ್ಪು ಮುದುಡಿ, ಒಮ್ಮೆ ಇನ್ನೂ ಕಡು ಹಸಿರಾಗಿ ಹೊಳೆಯುತ್ತದಲ್ವಾ? ಅಲ್ಲಿಂದ ಒಂದೆರಡು ನಿಮಿಷಕ್ಕೆ ಇಳಿಸಿಬಿಡಿ. ನಿಂಬೆರಸ ಒಲೆ ಆರಿಸಿದ ಮೇಲೆ. ದಂಟಿನ ಸೊಪ್ಪಾದರೆ ದಂಟು ಮೊದಲು ಬೇಯಲಿ, ಎಲೆ ಆಮೇಲೆ.

ಅಡುಗೆ ಸೋಡಾ ಹಾಕಿದರೆ ಹಸಿರೇನೋ ಉಳಿಯುತ್ತದೆ. ಆದರೆ ಸೊಪ್ಪು ಮುದ್ದೆಯಾಗುತ್ತದೆ, ಒಂದಷ್ಟು ಜೀವಸತ್ವವೂ ಹಾಳು. ದಯವಿಟ್ಟು ಬೇಡ. ಮಸ್ಸೊಪ್ಪಿಗೆ ಮಾತ್ರ ಬಣ್ಣದ ಚಿಂತೆ ಬಿಡಿ, ಅದಕ್ಕೆ ಹುಳಿಯಿದ್ದರೇ ರುಚಿ.