ಬ್ಯಾಸಗ್ಯಾಗ ಎರೆಹುಳ ಸತ್ತವು ಅಂದ ಸೇಡಂ ತಮ್ಮಗ

ತಮ್ಮಾ, ನಿನ್ನ ಫೋಟೋ ನೋಡ್ದೆ. ಎರೆಹುಳ ಗೊಬ್ಬರ ಮಾಡ್ಲಾಕ 2 ಕೆಜಿ ಹುಳ ತಂದು ಹೆಂಡಿ ತೊಟ್ಟ್ಯಾಗ ಬಿಟ್ಟಿ, ನಾಕನೇ ದಿನಕ್ಕ ಗೋಡಿ ಹತ್ತಿ ಹೊರಗ ಬಿದ್ದು ಸತ್ತವು, ಹುಳ ಮಾರಿದವನೇ ಮೋಸ ಮಾಡ್ಯಾನ ಅಂತ ಬರದಿ. ಅವನ್ನ ಬೈಬ್ಯಾಡ. ಫೋಟೋದಾಗ ಹೆಂಡಿ ಇನ್ನಾ ಹಸರ ಕಾಣಸ್ತದ. ಹಸಿ ಹೆಂಡಿ ಗುಂಪಿ ಹಾಕಿದ್ರ ಒಳಗ ಕಾವು ಏಳ್ತದ. ಎರೆಹುಳಕ್ಕ 20ರಿಂದ 30 ಡಿಗ್ರಿ ಹಿತ, 35 ದಾಟಿತಂದ್ರ ಓಡ್ಲಾಕ ನೋಡ್ತಾವ. ಮ್ಯಾಲ ನಿಂದು ತಗಡಿನ ಶೆಡ್ಡು, ಹೊರಗ 42 ಡಿಗ್ರಿ ಬಿಸಲು. ಪಾಪ, ಅವು ಎಲ್ಲಿಗಿ ಓಡಬೇಕು?

ನಾನೂ ಮೊದಲನೇ ವರ್ಷ ಹಿಂಗೇ ಕೆಟ್ಟೀನಿ. ಶಹಾಬಾದ್ ಫರ್ಸಿ ಕಲ್ಲು ನಿಲ್ಲಿಸಿ ತೊಟ್ಟಿ ಕಟ್ಟಿದ್ದೆ, ನಮ್ಮ ಕಡಿ ಅದೇ ಸಸ್ತಾ. ಆದ್ರ ಸಂಜಿ ಬಿಸಲು ಬೀಳೋ ಬದಿ ಫರ್ಸಿ ರೊಟ್ಟಿ ಹಂಚಿನಂಗ ಕಾಯ್ತಿತ್ತು, ಆ ಕಡಿ ಒಂದ್ ಹುಳಾನೂ ಸುಳೀತಿದ್ದಿಲ್ಲ. ಈಗ ಆ ಗೋಡಿಗಿ ಹೊರಗಿಂದ ಮಣ್ಣು ಏರಿಸೀನಿ, ತಗಡ ತಗದು ಗರಿ ಹೊದಿಸೀನಿ, ಮ್ಯಾಲ ಹಸಿ ಗೋಣಿ ತಟ್ಟು.

ತೊಗರಿ ಹೊಟ್ಟು, ಉದುರಿದ ಎಲಿ, ಜೋಳದ ಕಣಿಕಿ ಚೂರು ಹೆಂಡಿ ಕೂಡ ಕಲಸಿ ನೀರು ಹೊಡಿ. ತೊಗರಿ ಕಟ್ಟಿಗಿ ಹಾಂಗೇ ಹಾಕಬ್ಯಾಡ, ಲಗೂ ಕೊಳೆಯಂಗಿಲ್ಲ. 15-20 ದಿನ ನೆರಳಾಗ ಬಿಟ್ಟು ನಡುನಡು ತಿರುವಿ ಹಾಕು. ಆಮ್ಯಾಲ ಮೊಳಕೈ ತನಕಾ ಕೈ ಇಳಿಸಿ ನೋಡು. ಬೆಚ್ಚಗಿದ್ರ ಇನ್ನಾ ತಡಿ. ತಣ್ಣಗಿದ್ರೂ ಎಲ್ಲಾ ಹುಳ ಒಮ್ಮೆಲೆ ಬಿಡಬ್ಯಾಡ. ಒಂದು ಬಕೀಟಿನಾಗ ಆ ಗೊಬ್ಬರ ತುಂಬಿ 50 ಹುಳ ಬಿಡು. ಮರುದಿನ ಮುಂಜಾನಿ ಅವು ಬಕೀಟಿನ ಒಳಗೇ ಇದ್ರ ಉಳಿದವ್ನ ಧೈರ್ಯಾಗಿ ತೊಟ್ಟ್ಯಾಗ ಬಿಡು, ಒಂದು ಚದರ ಮೀಟರಿಗಿ ಒಂದು ಕೆಜಿ ಲೆಕ್ಕದಾಗ. ಗುಂಪಿ 2 ಫೂಟಿಗಿಂತ ಎತ್ತರ ಬ್ಯಾಡ.

ನೀರಿಗಿ ಲೆಕ್ಕ ಸುಲಭ: ಮುಷ್ಟಿಲೆ ಹಿಂಡಿದ್ರ ಒಂದೆರಡು ಹನಿ ಬರಬೇಕು, ಧಾರಿ ಹರೀಬಾರದು. ಉಪ್ಪಿನಕಾಯಿ, ಎಣ್ಣಿ, ನಿಂಬಿ ಸಿಪ್ಪಿ ದೂರ ಇಡು. ಇರುವಿಗಿ ತೊಟ್ಟಿ ಸುತ್ತ ನೀರಿನ ಕಾಲುವಿ.

ಹೊಲದಾಗಿನ ಹುಳ ಹಿಡದು ಹಾಕ್ಲೇನು ಅಂತ ಕೇಳಿದಿ. ಬ್ಯಾಡ. ಅವು ಎರಿ ಮಣ್ಣಾಗ ಆಳಕ್ಕ ಇಳಿಯೋ ಜಾತಿ, ಕಸದ ಗುಂಪ್ಯಾಗ ನಿಲ್ಲಂಗಿಲ್ಲ. ಗೊಬ್ಬರಕ್ಕ ಕಸದಾಗೇ ಇರೋ ಜಾತಿ ಹುಳ ಬೇಕು: ಐಸೀನಿಯಾ ಫೆಟಿಡಾ, ಇಲ್ಲಾ ಆಫ್ರಿಕಾದ ಯೂಡ್ರಿಲಸ್. ಕಲಬುರಗಿ ಕೃಷಿ ವಿಜ್ಞಾನ ಕೇಂದ್ರದಾಗ ಒಮ್ಮೆ ಕೇಳಿ ನೋಡು.

45-60 ದಿನಕ್ಕ ಚಹಾಪುಡಿಯಂಗ ಆಗ್ತದ. ತಗಿಯೂ ಮುಂದ 4-5 ದಿನ ನೀರು ಬಂದ್ ಮಾಡಿ ಬೆಳಕಿನಾಗ ಗುಂಪಿ ಹಾಕಿದ್ರ ಹುಳ ತಾವೇ ಬುಡಕ್ಕ ಇಳೀತಾವ.

ಈಗಂತೂ ಮತ್ತ ಹುಳ ತರಬ್ಯಾಡ. ಹೊಟ್ಟು ಹೆಂಡಿ ಕೊಳಿಲಾಕ ಹಾಕಿಡು, ಮಿರಗ (ಮೃಗಶಿರಾ) ಮಳಿ ಬಂದ ಮ್ಯಾಲ ನೋಡೋಣು. ಆವಾಗ ಬಕೀಟಿನ ಫೋಟೋ ಮಾತ್ರ ಇಲ್ಲಿ ಹಾಕು.