ಏರಿಸ್‌ನ ತೂಕ ಗೊತ್ತಾಗಿದ್ದು ಹೇಗೆ?

ಪ್ರಶ್ನೆ: ಏರಿಸ್ ಅನ್ನೋ ಕುಬ್ಜ ಗ್ರಹ ಗಾತ್ರದಲ್ಲಿ ಪ್ಲೂಟೊಗಿಂತ ಚಿಕ್ಕದು, ತೂಕದಲ್ಲಿ ಮಾತ್ರ ಜಾಸ್ತಿ ಅಂತ ಓದಿದೆ. ಅಲ್ಲಿಗೆ ಯಾವ ನೌಕೆಯೂ ಹೋಗಿಲ್ಲ. ಮತ್ತೆ ತೂಗಿದ್ದು ಹೇಗೆ? ಸುಮ್ನೆ ಅಂದಾಜಾ?

ಉತ್ತರ: ಅಂದಾಜಲ್ಲ. ಏರಿಸ್‌ಗೆ ಡಿಸ್ನೋಮಿಯಾ ಅಂತ ಒಂದು ಚಂದ್ರ ಇದೆಯಲ್ಲ, ಎಲ್ಲ ಅದರ ಕೃಪೆ.

ಏರಿಸ್ ಪತ್ತೆಯಾಗಿದ್ದು 2005ರ ಜನವರಿಯಲ್ಲಿ, ಅಮೆರಿಕದ ಪಾಲೊಮಾರ್ ವೀಕ್ಷಣಾಲಯದಲ್ಲಿ 2003ರಲ್ಲಿ ತೆಗೆದಿದ್ದ ಚಿತ್ರಗಳನ್ನು ಖಗೋಳ ವಿಜ್ಞಾನಿ ಮೈಕ್ ಬ್ರೌನ್ ತಂಡ ಮತ್ತೆ ಜಾಲಾಡಿದಾಗ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹವಾಯಿಯ ಕೆಕ್ ದೂರದರ್ಶಕಕ್ಕೆ ಅದರ ಪಕ್ಕದಲ್ಲೇ ಒಂದು ಮಂಕು ಚುಕ್ಕೆ ಕಂಡಿತು. ಆಮೇಲೆ ಕೆಕ್ ಮತ್ತು ಹಬಲ್ ಎರಡರಿಂದಲೂ ಆ ಚುಕ್ಕೆ ಯಾವತ್ತು ಎಲ್ಲಿದೆ ಅಂತ ಗುರುತು ಹಾಕುತ್ತ ಹೋದರು. ದೂರ ಸುಮಾರು 37,300 ಕಿ.ಮೀ., ಒಂದು ಸುತ್ತಿಗೆ 15.8 ದಿನ. ಈ ಎರಡು ಅಂಕಿ ಸಿಕ್ಕರೆ ಮುಗಿಯಿತು.

ಲೆಕ್ಕ ನೀವೇ ಮಾಡಿ ನೋಡಿ. ಭೂಮಿಯ ಕೇಂದ್ರದಿಂದ ಅಷ್ಟೇ ದೂರದಲ್ಲಿ ಒಂದು ಉಪಗ್ರಹ ಇದ್ದರೆ ಅದು ಸುಮಾರು 20 ಗಂಟೆಯಲ್ಲಿ ಒಂದು ಸುತ್ತು ಹಾಕುತ್ತದೆ. ಡಿಸ್ನೋಮಿಯಾಗೆ 379 ಗಂಟೆ ಬೇಕು, ಅಂದರೆ 19 ಪಟ್ಟು. ನಡುವೆ ಕೂತು ಎಳೆಯುವ ಕಾಯ ಹಗುರವಾದಷ್ಟೂ ಸುತ್ತು ನಿಧಾನ, ಮತ್ತು ದೂರ ಒಂದೇ ಆಗಿದ್ದರೆ ನಿಧಾನ ಎಷ್ಟು ಪಟ್ಟೋ ಅದರ ವರ್ಗದಷ್ಟು ಪಟ್ಟು ತೂಕ ಕಡಿಮೆ. 19ನ್ನು 19ರಿಂದ ಗುಣಿಸಿ: 361. ಏರಿಸ್ ಭೂಮಿಯ ಸುಮಾರು 360ರಲ್ಲಿ ಒಂದು ಪಾಲು, ಪ್ಲೂಟೊಗಿಂತ ಕಾಲು ಪಾಲಿಗೂ ತುಸು ಜಾಸ್ತಿ. (ತೂಕ ಅಂದಲ್ಲೆಲ್ಲ ದ್ರವ್ಯರಾಶಿ ಅಂತ ಓದಿಕೊಳ್ಳಿ, ಮೇಷ್ಟ್ರುಗಳು ಬೈಯಬಾರದು.)

ಗಾತ್ರಕ್ಕೆ ಬೇರೆಯೇ ದಾರಿ. 2010ರ ನವೆಂಬರ್‌ನಲ್ಲಿ ಏರಿಸ್ ಒಂದು ನಕ್ಷತ್ರಕ್ಕೆ ಅಡ್ಡ ಬಂತು. ನಕ್ಷತ್ರ ಎಷ್ಟು ಸೆಕೆಂಡ್ ಮರೆಯಾಗಿತ್ತು ಅನ್ನುವುದನ್ನು ಚಿಲಿಯಿಂದ ಅಳೆದರು, ವ್ಯಾಸ ಸುಮಾರು 2,326 ಕಿ.ಮೀ. ಅಂತ ಬಂತು. ಪ್ಲೂಟೊದ್ದು 2,377. ಚಿಕ್ಕದಾಗಿದ್ದೂ ಭಾರ ಅಂದರೆ, ಮೇಲೆ ಹಿಮ ಎಷ್ಟೇ ಹೊಳೆಯಲಿ, ಒಳಗೆ ಕಲ್ಲೇ ಜಾಸ್ತಿ ಅಲ್ವಾ?

ಇದೇ ಲೆಕ್ಕವನ್ನು ಪ್ಲೂಟೊ ಮತ್ತು ಅದರ ಚಂದ್ರ ಕ್ಯಾರನ್‌ಗೆ ಹಾಕಲು ಹೋದರೆ ಒಂದು ಎಚ್ಚರ. ಬರುವ ಉತ್ತರ ಎರಡರ ಒಟ್ಟು ತೂಕ. ಡಿಸ್ನೋಮಿಯಾ ಹಗುರ, ಅದನ್ನು ಬಿಟ್ಟರೂ ನಡೆಯುತ್ತದೆ. ಕ್ಯಾರನ್ ಹಾಗಲ್ಲ, ಪ್ಲೂಟೊದ ಎಂಟನೇ ಒಂದು ಪಾಲಿದೆ, ಅದನ್ನು ಕಳೆಯಲೇಬೇಕು.