ನಿಮ್ಮ ಲೇಖನ ಮೂರನೇ ಪುಟದಿಂದ ಶುರುವಾಗಲಿ

ನಮಸ್ಕಾರ. ವಿಆರ್ (ವರ್ಚುವಲ್ ರಿಯಾಲಿಟಿ), ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ಬಳಸಿ ನರ್ಸಿಂಗ್ ಕಲಿಸುವ ಬಗ್ಗೆ ನೀವು ಬದಿಯಡ್ಕದಿಂದ ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಿಕ್ಕೆ ಆಗುವುದಿಲ್ಲ. ಆದರೆ ಬಿಟ್ಟುಬಿಡಲಿಕ್ಕೂ ಮನಸ್ಸಿಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ತಂತ್ರಜ್ಞಾನ ಎಲ್ಲವನ್ನೂ ಬದಲಿಸುತ್ತದೆ ಅಂತ ಸುಮ್ನೆ ಹೊಗಳಿದ್ದು ಜಾಸ್ತಿ ಆಯಿತು. ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್‌ಲ್ಯಾಂಡ್ ತಲೆಗೆ ಹಾಕುವ ಪರದೆ, ಅಂದರೆ ಹೆಡ್‌ಸೆಟ್, ತೋರಿಸಿದ್ದೇ 1968ರಲ್ಲಿ, ಹಾಗಾಗಿ "ಹೊಚ್ಚ ಹೊಸ" ಅನ್ನಬೇಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ 2002ರ ಅಧ್ಯಯನ ಇರಲಿ. ವಿಆರ್ ಅಭ್ಯಾಸ ಮಾಡಿದವರು ಶಸ್ತ್ರಚಿಕಿತ್ಸೆಯಲ್ಲಿ ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇಕಡಾ 29ರಷ್ಟು ಬೇಗ ಮುಗಿಸಿದರು ಅಂತ ಬರೆದಿದ್ದೀರಿ, ಸರಿ. ಆದರೆ ಅಲ್ಲಿದ್ದದ್ದು ಒಟ್ಟು 16 ವೈದ್ಯರು, ಅಭ್ಯಾಸ ನಡೆದದ್ದು ಕಂಪ್ಯೂಟರ್ ಪರದೆಯ ಎದುರು, ಹೆಡ್‌ಸೆಟ್ ಇರಲಿಲ್ಲ. ಅದನ್ನೂ ಹೇಳಬೇಕು, ಅಲ್ವಾ?

ನಿಮ್ಮ ನಿಜವಾದ ಲೇಖನ ಇರುವುದು ಮೂರನೇ ಪುಟದಲ್ಲಿ. ಹೆಡ್‌ಸೆಟ್ ಹಾಕಿಕೊಂಡು ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವ ಅಭ್ಯಾಸ, ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ಚರ್ಮ ಎಳೆದು ಹಿಡಿದಿದ್ದೀರಿ, ಇನ್ನೇನು ಚುಚ್ಚಬೇಕು ಅನ್ನುವಷ್ಟರಲ್ಲಿ "ಮುಂದಿನ ಹಂತ" ಅನ್ನುವ ಚೌಕ ಬಂದು ರೋಗಿಯ ತೋಳನ್ನೇ ಮುಚ್ಚಿತು, ಅದನ್ನು ಒತ್ತಲಿಕ್ಕೆ ಗಾಳಿಯಲ್ಲಿ ಬೆರಳು ಚಿವುಟಬೇಕು! ಮಾರಾಯ್ರೆ, ಇದನ್ನು ಎರಡೇ ಸಾಲಲ್ಲಿ ಮುಗಿಸಿದ್ದೀರಲ್ಲ. ಇಲ್ಲಿ ನಿಲ್ಲಿ. ಎರಡೂ ಕೈಗೆ ಕೆಲಸ ಇರುವವರಿಗೆ ಬಟನ್ ಯಾಕೆ? ಬಾಯಲ್ಲಿ ಹೇಳಿದರೆ ಆಗದಾ, ಕಾಲಲ್ಲಿ ಒತ್ತುವ ಪೆಡಲ್ ಆಗದಾ? ಸೂಚನೆ ತೋಳಿನ ಪಕ್ಕಕ್ಕೆ ಬಂದು ನಿಂತರೆ ಸಾಲದಾ? ಇದನ್ನೆಲ್ಲ ಕೇಳಲಿಕ್ಕೆ ಸೂಜಿ ಹಿಡಿದ ನೀವೇ ಬೇಕು.

"ತಲೆನೋವು ಬಂತು" ಅಂತ ಬರೆದು ಮುಂದೆ ಹೋಗಿದ್ದೀರಿ. ಯಾಕೆ ಬಂತು ಅಂತ ಹೇಳಿ. ಹೆಚ್ಚಿನ ಹೆಡ್‌ಸೆಟ್‌ಗಳಲ್ಲಿ ಫೋಕಸ್ ಒಂದೇ ದೂರಕ್ಕೆ ಇರುತ್ತದೆ, ಮೈಕ್ರೋಸಾಫ್ಟ್‌ನ ಎಆರ್ ಹೆಡ್‌ಸೆಟ್ ಹೋಲೋಲೆನ್ಸ್‌ನಲ್ಲಿ ಸುಮಾರು 2 ಮೀಟರ್. ಕ್ಯಾನುಲಾ ಹಾಕುವುದು ಮೊಣಕೈ ಮಡಚಿದಷ್ಟು ಹತ್ತಿರ. ಎರಡು ಕಣ್ಣೂ ಹತ್ತಿರದ ಚಿತ್ರದ ಕಡೆ ಒಳಕ್ಕೆ ತಿರುಗುತ್ತವೆ, ಫೋಕಸ್ ಮಾತ್ರ ದೂರದಲ್ಲೇ ಉಳಿಯುತ್ತದೆ. ಕಣ್ಣು ದಣಿಯದೆ ಏನು ಮಾಡುತ್ತದೆ?

ಇನ್ನೊಂದು ವಿಷಯ ನೀವು ಮುಟ್ಟಲೇ ಇಲ್ಲ. ಆ ವಿಆರ್ ರೋಗಿ ಯಾವ ಭಾಷೆಯಲ್ಲಿ ಮಾತಾಡಿದರು? ನಮ್ಮ ಕಾಸರಗೋಡಿನ ವಾರ್ಡಿನಲ್ಲಿ ಅಜ್ಜಿ ತುಳುವಿನಲ್ಲಿ ನೋವು ಹೇಳುತ್ತಾರೆ, ಪಕ್ಕದಲ್ಲಿ ನಿಂತ ಮಗ ಮಲಯಾಳದಲ್ಲಿ ಗಾಬರಿಪಡುತ್ತಾನೆ, ನೀವು ಕನ್ನಡದಲ್ಲಿ ಸಮಾಧಾನ ಮಾಡುತ್ತೀರಿ. ಇಂಗ್ಲಿಷ್ ಮಾತ್ರ ಬರುವ ರೋಗಿಯ ಮೇಲೆ ಕಲಿತದ್ದು ಇಲ್ಲಿ ಎಷ್ಟು ಒದಗುತ್ತದೆ? ಸಹಪಾಠಿಗಳನ್ನೂ ಕೇಳಿ, ಅವರ ಮಾತನ್ನೂ ಹಾಕಿ.

ವಿಆರ್ ಅಂದರೆ ಎದುರಿನ ಕೋಣೆಯೇ ಕಾಣದು, ಎಆರ್ ಅಂದರೆ ಕೋಣೆಯ ಮೇಲೇ ಚಿತ್ರ ಕೂರುತ್ತದೆ. ಇಷ್ಟು ವಿವರಣೆ ಸಾಕು. 800 ಪದದೊಳಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಡುತ್ತೇನೆ.